ಗಂಡು ಮೊಲ ಬದಲಿಸಿಕೊಳ್ಳೋಣ ಬನ್ನಿ

"ಜವಾರಿ ಮೊಲ ಸಿಗ್ತಾವೇನ್ರೀ?" ಗದಗ, ಹುಬ್ಬಳ್ಳಿ ಕಡೆಯಿಂದ ಹೊಸದಾಗಿ ಮೊಲ ಸಾಕುವವರು ಫೋನ್ ಮಾಡಿದರೆ ಮೊದಲು ಕೇಳುವುದು ಇದನ್ನೇ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಗೂಡಿನಲ್ಲಿ ಸಾಕುವ ಮೊಲ ಯಾವುದೇ ಇರಲಿ, ಅದರ ಮೂಲ ಯುರೋಪು. ನ್ಯೂಜಿಲೆಂಡ್ ವೈಟ್ ಅನ್ನುವ ಬಿಳಿ ತಳಿ ತಯಾರಾಗಿದ್ದು ಅಮೆರಿಕದಲ್ಲಿ, ಸೋವಿಯತ್ ಚಿಂಚಿಲಾ ರಷ್ಯಾ ಕಡೆಯದು. ಜೋಳದ ಹೊಲದಲ್ಲಿ ಕಾಲಡಿಯಿಂದ ಚಂಗನೆ ಹಾರಿ ಓಡುತ್ತದಲ್ವಾ, ಅದು ನಮ್ಮ ನೆಲದ ಮೊಲ. ಆದರೆ ಅದು ಬೇರೆಯೇ ಪ್ರಾಣಿ. ಅದರ ಕ್ರೋಮೋಸೋಮು 48, ಸಾಕುಮೊಲದ್ದು 44. ಅದರ ಮರಿಗಳು ಹುಟ್ಟುವಾಗಲೇ ಕಣ್ಣು ತೆರೆದು, ಮೈತುಂಬ ಕೂದಲು ಹೊತ್ತು ಬರುತ್ತವೆ. ಸಾಕುಮೊಲದ ಮರಿಗಳಿಗೆ ಹುಟ್ಟಿದಾಗ ಕಣ್ಣೂ ತೆರೆದಿರುವುದಿಲ್ಲ, ಕೂದಲೂ ಇರುವುದಿಲ್ಲ. ಎರಡಕ್ಕೂ ಕೂಡಿ ಮರಿ ಆಗುವುದಿಲ್ಲ. "ಕಾಡುಮೊಲದ ಕ್ರಾಸ್" ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ. ಕಾಡುಮೊಲ ಹಿಡಿಯುವುದು ಕಾನೂನಿನ ಪ್ರಕಾರ ಅಪರಾಧ ಕೂಡ.

ಹಾಗಾದರೆ ಉಳಿಸಿಕೊಳ್ಳುವಂಥದ್ದು ನಮ್ಮಲ್ಲಿ ಏನೂ ಇಲ್ವಾ? ಖಂಡಿತ ಇದೆ. ಬೆಟಗೇರಿ, ಲಕ್ಕುಂಡಿ ಕಡೆ ಮನೆಗಳಲ್ಲಿ ತಲೆತಲಾಂತರದಿಂದ ಮರಿ ಹಾಕುತ್ತ ಬಂದ ಬೂದು, ಕಂದು, ಚುಕ್ಕೆ ಮೊಲಗಳಿವೆ. ತೂಕ ಕಡಿಮೆ, ಅದಕ್ಕೇ ಅವಕ್ಕೆ ಬೆಲೆ ಇಲ್ಲ. ಆದರೆ ಏಪ್ರಿಲ್ ಬಿಸಿಲಲ್ಲಿ ನೋಡಿ. ಮೊಲ ಬೆವರುವುದಿಲ್ಲ, ಮೈಯ ಬಿಸಿಯನ್ನು ಹೆಚ್ಚಾಗಿ ಕಿವಿಯಿಂದ ಹೊರಗೆ ಹಾಕಬೇಕು. ಮಧ್ಯಾಹ್ನ ಬಿಳಿ ಮೊಲಗಳು ಕಿವಿ ಕೆಂಪಗಾಗಿ, ಮೂಗು ಪಟಪಟ ಬಡಿಯುತ್ತ ಉದ್ದಕ್ಕೆ ಚಾಚಿ ಮಲಗಿರುತ್ತವೆ. ಗೂಡಿಗೆ ಒದ್ದೆ ಗೋಣಿಚೀಲ ಕಟ್ಟಿದರೂ ಮೇವು ಮುಟ್ಟುವುದಿಲ್ಲ. ಪಕ್ಕದ ಗೂಡಿನ ಬೂದು ಮೊಲ ಕುದುರೆಮೆಂತೆ ಮೆಲ್ಲುತ್ತ ಕೂತಿರುತ್ತದೆ. ಬಿಸಿಲು ಹತ್ತಿದ ಗಂಡಿಗೆ ಬಿಟ್ಟ ಹೆಣ್ಣು ತಿಂಗಳೊಪ್ಪತ್ತು ಗಬ್ಬ ನಿಲ್ಲುವುದಿಲ್ಲ. ಹಾಗಾಗಿ ಬಿಸಿಲು ತಾಳುವ ಗುಣ ನನ್ನ ಮಟ್ಟಿಗೆ ಅರ್ಧ ಕಿಲೋ ಮಾಂಸಕ್ಕಿಂತ ದೊಡ್ಡದು.

ಈ ಗುಣ ಕೈಜಾರುತ್ತಿರುವುದು ಒಂದೇ ಕಾರಣಕ್ಕೆ. ಊರಿಗೆಲ್ಲ ಒಂದೇ ಗಂಡು. ಲೆಕ್ಕ ಸುಲಭ ಇದೆ, ನೀವೇ ಹಾಕಿ. ಗಂಡಿನ ಸಂಖ್ಯೆ, ಹೆಣ್ಣಿನ ಸಂಖ್ಯೆ, ಜೊತೆಗೆ 4, ಮೂರನ್ನೂ ಗುಣಿಸಿ, ಒಟ್ಟು ಮೊಲಗಳಿಂದ ಭಾಗಿಸಿ. 1 ಗಂಡು, 20 ಹೆಣ್ಣು ಇದ್ದರೆ ಬರುವುದು 4ಕ್ಕೂ ಕಡಿಮೆ. ಅಂದರೆ ಕಣ್ಣಿಗೆ 21 ಮೊಲ ಕಂಡರೂ ತಳಿಯ ಲೆಕ್ಕದಲ್ಲಿ ಇರುವುದು ನಾಲ್ಕೇ. ಒಂದೊಂದು ತಲೆಮಾರಿಗೆ ರಕ್ತಸಂಬಂಧ ಸುಮಾರು 13% ಏರುತ್ತದೆ. ಅದೇ 20 ಹೆಣ್ಣಿಗೆ 5 ಗಂಡು ಇಟ್ಟರೆ 16 ಆಗುತ್ತದೆ, ಏರಿಕೆ 3% ಆಸುಪಾಸಿಗೆ ಇಳಿಯುತ್ತದೆ. ನಾಲ್ಕು ಗಂಡಿನ ಮೇವಿನ ಖರ್ಚು ಜಾಸ್ತಿ ಆಗುತ್ತದೆ, ಅಷ್ಟೇ.

ಮೊನ್ನೆ ಪಕ್ಕದ ಓಣಿಯವರು ಒಂದು ಮರಿ ತಂದು ತೋರಿಸಿದರು, ಮೇವು ತಿನ್ನುತ್ತಿಲ್ಲ ಅಂತ. ತುಟಿ ಸರಿಸಿದೆ. ಮೇಲಿನ ಬಾಚಿಹಲ್ಲು ಕೆಳಗಿನದರ ಮುಂದೆ ಕೂರಬೇಕು. ಇದರಲ್ಲಿ ಕೆಳಗಿನವು ಹೊರಚಾಚಿದ್ದವು, ಮೇಲಿನವು ಬಾಯೊಳಗೆ ಸುರುಳಿ ತಿರುಗಿದ್ದವು. ಮೊಲದ ಹಲ್ಲು ಸಾಯುವ ತನಕ ಬೆಳೆಯುತ್ತದೆ. ಒಂದಕ್ಕೊಂದು ಉಜ್ಜಿ ಸವೆಯದಿದ್ದರೆ ಹೀಗಾಗುತ್ತದೆ. ಪೆಟ್ಟು ಬಿದ್ದೂ ಹಲ್ಲು ಸೊಟ್ಟಗಾಗಬಹುದು. ಆದರೆ ಇದರ ಒಡಹುಟ್ಟಿದ ಇನ್ನೊಂದು ಮರಿಗೂ ಹಾಗೇ ಇತ್ತು. ತಂದೆತಾಯಿ ಒಂದೇ ಸೂಲಿನ ಅಣ್ಣತಂಗಿ, ಇಬ್ಬರ ಹಲ್ಲೂ ನೆಟ್ಟಗಿದ್ದವು. ಇಬ್ಬರಲ್ಲೂ ಅಡಗಿದ್ದ ದೋಷ ಮರಿಯಲ್ಲಿ ಕೂಡಿ ಬಂದಿತ್ತು. ನನಗೆ ಬಹಳ ಸಂಕಟವಾಯಿತು.

ಯುರೋಪಿನಿಂದ ಹೊಸ ರಕ್ತ ತರಿಸಬಹುದಲ್ಲ ಅನ್ನುವವರಿದ್ದಾರೆ. ಅಲ್ಲಿಯ ಪರಿಸ್ಥಿತಿಯೂ ಚೆನ್ನಾಗಿಲ್ಲ. ಸ್ಪೇನ್, ಪೋರ್ಚುಗಲ್ಲಿನ ಕಾಡಿನ ಮೂಲ ಮೊಲವೇ 2019ರಿಂದ ಅಳಿವಿನಂಚಿನ ಪಟ್ಟಿಯಲ್ಲಿದೆ. ಮಿಕ್ಸೊಮಟೋಸಿಸ್ ಅನ್ನುವ ವೈರಸ್ ರೋಗ, ರಕ್ತಸ್ರಾವದ ರೋಗ ಎರಡೂ ಸೇರಿ ಅದನ್ನು ಹಿಂಡಿವೆ.

ನಮ್ಮ ಧಾರವಾಡಿ ಎಮ್ಮೆಗೆ 2021ರಲ್ಲಿ ತಳಿ ಅಂತ ನೋಂದಣಿ ಸಿಕ್ಕಿತು. ಅಲ್ಲಿಯ ತನಕ ಅದನ್ನು ಉಳಿಸಿಕೊಂಡು ಬಂದವರು ಹಳ್ಳಿಯ ಮಂದಿಯೇ. ಮೊಲಕ್ಕೆ ನೋಂದಣಿ ಬೇಕು ಅಂತ ನಾನು ಹಟ ಹಿಡಿದಿಲ್ಲ. ಒಂದು ನೋಟ್‌ಬುಕ್ ಇಡಿ ಸಾಕು. ಯಾವ ಹೆಣ್ಣು, ಯಾವ ಗಂಡು, ಯಾವಾಗ ಮರಿ, ಎಷ್ಟು ಬದುಕಿದವು. ಮರಿ ಹುಟ್ಟಿಸಿದ ಗಂಡನ್ನು ವರ್ಷಕ್ಕೊಮ್ಮೆ ಬೇರೆ ಊರಿನವರಿಗೆ ಕೊಟ್ಟು ಅವರದ್ದನ್ನು ತಂದುಕೊಳ್ಳಿ. ತಂದದ್ದನ್ನು ಮೂರು ವಾರ ಬೇರೆ ಗೂಡಲ್ಲೇ ಇಟ್ಟು, ಕಿವಿಯೊಳಗೆ ಕಜ್ಜಿ ಇದೆಯಾ ನೋಡಿ.

ನನ್ನ ಹತ್ತಿರ ಬೂದು ಬಣ್ಣದ, ಎರಡು ಬೇಸಿಗೆ ಕಂಡ ಗಂಡುಗಳಿವೆ. ನವಲಗುಂದ, ಶಿಗ್ಗಾಂವಿ, ಹಾವೇರಿ ಕಡೆ ಚುಕ್ಕೆಯ ಗಂಡು ಇಟ್ಟವರಿದ್ದರೆ ಹೇಳಿ. ದುಡ್ಡು ಬೇಡ, ಮೊಲಕ್ಕೆ ಮೊಲ. ಮಳೆ ಶುರುವಾದ ಮೇಲೆ ತಂಪಿನಲ್ಲಿ ಸಾಗಿಸೋಣ.