ಮೆಟ್ನರ್ ಅವರನ್ನು ಕೇಳಿದ ಶನಿವಾರಗಳು

ಮೈಸೂರಿನ ಕಾಲೇಜೊಂದರಲ್ಲಿ ನಾನು ಬಿ.ಎಸ್‌ಸಿ. ಓದಿದ್ದು 1980ರ ದಶಕದ ಮೊದಲ ವರ್ಷಗಳಲ್ಲಿ. ನಮಗೆ ಭೌತಶಾಸ್ತ್ರ ಕಲಿಸುತ್ತಿದ್ದ ಮೇಷ್ಟ್ರು ಶನಿವಾರ ಮಧ್ಯಾಹ್ನ ತರಗತಿ ಮುಗಿದ ಮೇಲೆ ಆಸಕ್ತಿಯುಳ್ಳವರನ್ನು ಮನೆಗೆ ಕರೆಯುತ್ತಿದ್ದರು. ಶಬ್ದತರಂಗಗಳ ಪಾಠ ಮುಂದುವರಿಯುತ್ತದೆಂದು ಹೋದ ನಾವು ನಾಲ್ಕೈದು ಮಂದಿ ಅಲ್ಲಿ ಕೇಳಿದ್ದು ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಪಿಯಾನೊ ವಾದಕರನ್ನು.

ಮೇಷ್ಟ್ರ ಬಳಿ ಇದ್ದವು ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ಪ್ಲೇಟುಗಳು. ಅವುಗಳ ಒಂದು ಮಗ್ಗುಲಲ್ಲಿ ನಾಲ್ಕು ನಿಮಿಷಗಳಿಗಿಂತ ಹೆಚ್ಚಿನ ಸಂಗೀತ ಹಿಡಿಸುವುದೇ ಕಷ್ಟ. ಪಿಯಾನೊ ಮತ್ತು ವಾದ್ಯವೃಂದ ಜೊತೆಯಾಗಿ ನುಡಿಸುವ, ಅರ್ಧ ಗಂಟೆ ಮೀರುವ ಕನ್ಸರ್ಟೊ ಒಂದನ್ನು ಕೇಳಬೇಕಾದರೆ ಅವರು ಮತ್ತೆ ಮತ್ತೆ ಎದ್ದು, ಮುಳ್ಳನ್ನೆತ್ತಿ, ಪ್ಲೇಟನ್ನು ಮಗುಚಿ ಹಾಕಬೇಕಾಗುತ್ತಿತ್ತು. ಆ ಬಿಡುವಿನಲ್ಲಿ ಯಾರೂ ಮಾತನಾಡಬಾರದೆಂಬುದು ಅವರ ಒಂದೇ ಕಟ್ಟಳೆ. ನಿಂತ ಸ್ವರವನ್ನು ಮನಸ್ಸಿನಲ್ಲಿ ಹಿಡಿದುಕೊಂಡೇ ಮುಂದಿನ ಮಗ್ಗುಲಿಗೆ ಹೋಗಬೇಕು. ನನ್ನ ಕಿವಿ ಪಳಗಿದ್ದು ಹೆಚ್ಚಾಗಿ ಆ ಬಿಡುವುಗಳಲ್ಲೇ ಎಂದು ನಾನು ನಂಬಿದ್ದೇನೆ.

ಮೆಟ್ನರ್ ಹುಟ್ಟಿದ್ದು 1880ರಲ್ಲಿ, ಮಾಸ್ಕೋದಲ್ಲಿ. ಅಲ್ಲಿನ ಸಂಗೀತ ವಿದ್ಯಾಲಯದಲ್ಲಿ ವಾಸಿಲಿ ಸಫೋನೊವ್ ಅವರ ಬಳಿ ಕಲಿತು, 1900ರಲ್ಲಿ ಚಿನ್ನದ ಪದಕದೊಂದಿಗೆ ಹೊರಬಂದರು. ಗುರುಗಳು ಶಿಷ್ಯನಿಗಾಗಿ ಕಚೇರಿಗಳ ಪ್ರವಾಸವನ್ನು ಗೊತ್ತುಮಾಡಿದ್ದರೂ ಅವರು ಅದನ್ನು ಬಿಟ್ಟು, ಮನೆಯವರ ಅಸಮಾಧಾನವನ್ನು ಕಟ್ಟಿಕೊಂಡು, ಸಂಗೀತ ರಚನೆಗೆ ಕುಳಿತುಬಿಟ್ಟರು. ಕಚೇರಿಗಳನ್ನು ಪೂರ್ತಿ ತೊರೆಯಲಿಲ್ಲ, ನಿಜ. ಆದರೆ ಬಹುಮಟ್ಟಿಗೆ ತಮ್ಮ ಕೃತಿಗಳನ್ನೇ ನುಡಿಸುತ್ತಿದ್ದರು. ಪಿಯಾನೊ ಒಂದಕ್ಕೇ ಬರೆದ 14 ಸೊನಾಟಾಗಳು, ಮೂರು ಕನ್ಸರ್ಟೊಗಳು, ರಷ್ಯನ್ನರು ‘ಸ್ಕಾಜ್ಕಿ’ ಎನ್ನುವ, ಕಥೆಯ ಹೆಸರು ಹೊತ್ತ 30ಕ್ಕೂ ಹೆಚ್ಚು ಪುಟ್ಟ ರಚನೆಗಳು ಅವರಿಂದ ಬಂದವು. ಪಿಯಾನೊ ಇಲ್ಲದ ಕೃತಿಯೊಂದನ್ನೂ ಅವರು ಉಳಿಸಿಹೋಗಿಲ್ಲ. 1921ರಲ್ಲಿ ರಷ್ಯವನ್ನು ಬಿಟ್ಟ ಮೇಲೆ ಗೆಳೆಯ, ಸಂಗೀತಕಾರ ರಖ್ಮಾನಿನೊವ್ ಅಮೆರಿಕದ ಪ್ರವಾಸಕ್ಕೆ ನೆರವಾದರು. ಆದರೂ ಹೊಸ ಕಾಲದ ಅಭಿರುಚಿಗೆ ಮಣಿಯದ ಈ ಮನುಷ್ಯನಿಗೆ ಯುರೋಪಿನಲ್ಲಿ ಕೇಳುಗರು ಸುಲಭವಾಗಿ ಸಿಗಲಿಲ್ಲ. 1930ರ ದಶಕದ ನಡುವೆ ಲಂಡನ್ನಿನಲ್ಲಿ ನೆಲೆಸಿದರು. ಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು, 1942ರಲ್ಲಿ ಹೃದಯಾಘಾತವಾಯಿತು. ಅದರಿಂದ ಚೇತರಿಸಿಕೊಂಡು 1944ರಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಏಡ್ರಿಯನ್ ಬೌಲ್ಟ್ ಅವರ ನಿರ್ದೇಶನದಲ್ಲಿ, ತಮ್ಮ ಮೂರನೆಯ ಕನ್ಸರ್ಟೊವನ್ನು ತಾವೇ ಮೊದಲ ಬಾರಿಗೆ ನುಡಿಸಿದರು.

ಆ ಕನ್ಸರ್ಟೊ ಅರ್ಪಣೆಯಾಗಿರುವುದು ಮೈಸೂರಿನ ಮಹಾರಾಜರಿಗೆ. ಇದನ್ನು ಮೇಷ್ಟ್ರು ಹೇಳಿದ ದಿನ ನಮಗೆಲ್ಲ ರೋಮಾಂಚನವಾಯಿತು. ಜಯಚಾಮರಾಜ ಒಡೆಯರ್ ಕಚೇರಿ ನಡೆಸುವ ಪಿಯಾನೊ ವಾದಕರಾಗಬೇಕೆಂದು ಬಯಸಿದ್ದವರು. 1940ರಲ್ಲಿ ತಂದೆಯೂ ದೊಡ್ಡಪ್ಪ ನಾಲ್ವಡಿಯವರೂ ತೀರಿಕೊಂಡು, 21ನೆಯ ವಯಸ್ಸಿಗೆ ಪಟ್ಟವೇರಬೇಕಾಗಿ ಬಂದಾಗ ಆ ಬಯಕೆ ಅಲ್ಲಿಗೇ ನಿಂತಿತು. ಮುಂದೆ ಅವರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದ್ದು ನಾಡಿಗೆಲ್ಲ ತಿಳಿದಿದೆ. ಆದರೆ ಪಿಯಾನೊ ಅವರನ್ನು ಬಿಟ್ಟಿರಲಿಲ್ಲ. ಯುದ್ಧ ಮುಗಿದ ಮೇಲೆ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿಗೆ ಹಣ ಒದಗಿಸಿ, ಕಾಯಿಲೆಯಿಂದ ಕುಗ್ಗಿದ್ದ ಆ ವಾದಕರ ನುಡಿಸುವಿಕೆಯನ್ನು ಧ್ವನಿಮುದ್ರಿಸಲು ನೆರವಾದರು. ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾದೊಂದಿಗೆ ಮೂರೂ ಕನ್ಸರ್ಟೊಗಳು 1947ರಲ್ಲಿ ಮುದ್ರಣಗೊಂಡಾಗ ಮೆಟ್ನರ್ ಅವರಿಗೆ 67 ವರ್ಷ. 1951ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು.

ಅರಸರು ಬಡ ಕಲಾವಿದನಿಗೆ ಮಾಡಿದ ದೊಡ್ಡ ದಾನವಿದು ಎಂದು ನಾನೊಮ್ಮೆ ಅಂದೆ. ಮೇಷ್ಟ್ರಿಗೆ ಆ ಮಾತು ಹಿಡಿಸಲಿಲ್ಲ. ‘ದಾನ ಅನ್ನಬೇಡಪ್ಪ. ಅವರಿಗೆ ಕೇಳಬೇಕಿತ್ತು. ತಮ್ಮ ಕೈ ನುಡಿಸಲಾರದೆ ಹೋದದ್ದನ್ನು ಇನ್ನೊಬ್ಬರ ಕೈಯಲ್ಲಾದರೂ ಕೇಳಬೇಕಿತ್ತು’ ಎಂದರು. ಆಗ ಅದು ನನಗೆ ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ಅರಮನೆಯ ಸಂಪತ್ತು ಇಲ್ಲದಿದ್ದರೆ ಬರಿಯ ಹಂಬಲದಿಂದ ಏನಾಗುತ್ತಿತ್ತು ಎಂಬ ಪ್ರಶ್ನೆ ಈಗಲೂ ನನ್ನಲ್ಲಿದೆ. ಆದರೆ ಆ ಪ್ಲೇಟುಗಳನ್ನು ಕೇಳುವಾಗ ಮೇಷ್ಟ್ರ ಮಾತೇ ಮುಂದೆ ಬಂದು ನಿಲ್ಲುತ್ತದೆ. ಮೆಟ್ನರ್ ನುಡಿಸುವಾಗ ಯಾರನ್ನೋ ಮೆಚ್ಚಿಸುವ ಆತುರ ಕಾಣುವುದಿಲ್ಲ. ಎಡಗೈಯ ಲಯ ಬಿಗಿಯಾಗಿದ್ದು, ಸ್ವರಗಳ ದಟ್ಟಣೆಯಲ್ಲೂ ನಡುವಿನ ಎಳೆಗಳು ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತವೆ. ರಾಗ ಎಲ್ಲಿಯೂ ಸಡಿಲಗೊಳ್ಳದೆ ಕಥೆ ಹೇಳುವವರ ದನಿಯಂತೆ ಮುಂದಕ್ಕೆ ಸಾಗುತ್ತದೆ.

ಉದ್ಯೋಗದ ನಿಮಿತ್ತ ಲಂಡನ್ನಿಗೆ ಹೋದಾಗ, ಹೆಂಡನ್ ಸ್ಮಶಾನದಲ್ಲಿರುವ ಮೆಟ್ನರ್ ಅವರ ಸಮಾಧಿಗೆ ಹೋಗಿ ಬಂದೆ. ಅದೇ ವಾರ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಒಂದು ಪಿಯಾನೊ ಕಚೇರಿ ಕೇಳಿದೆ. ಮಹಾರಾಜರದೇ ನೆರವಿನಿಂದ, 1950ರ ಮೇ 22ರಂದು, ಜರ್ಮನಿಯ ಸಂಗೀತಕಾರ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳನ್ನು ಗಾಯಕಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಮೊದಲು ಹಾಡಿದ ಸಭಾಂಗಣವೂ ಅದೇ. ಇಷ್ಟನ್ನೂ ವಿವರವಾಗಿ ಮೇಷ್ಟ್ರಿಗೆ ಬರೆದು ಕಳುಹಿಸಿದೆ. ಆಗ ಅವರಿಗೆ ನಿವೃತ್ತಿಯಾಗಿ, ದೃಷ್ಟಿಯೂ ಮಂದವಾಗಿತ್ತು. ಮಗಳ ಕೈಯಲ್ಲಿ ಬರೆಸಿದ್ದ ಉತ್ತರ ಬಂತು. ಕ್ಷೇಮಸಮಾಚಾರದ ಎರಡು ಸಾಲುಗಳಾದ ಮೇಲೆ ಅವರು ಕೇಳಿದ್ದು ಇಷ್ಟು: ‘ನೀನು ಎಷ್ಟು ದೂರದಲ್ಲಿ ಕುಳಿತಿದ್ದೆ? ಅಷ್ಟು ದೊಡ್ಡ ಸಭಾಂಗಣದಲ್ಲಿ ಪಿಯಾನೊದ ಅತಿ ಮೆಲ್ಲನೆಯ ಸ್ವರ ನಿನ್ನವರೆಗೂ ಬಂತೇ?’ ಬಂತು ಸರ್, ಹಿಂದಿನ ಸಾಲಿನವರೆಗೂ ಬಂತು ಎಂದು ಅಂದೇ ಮರುಟಪಾಲಿಗೆ ಬರೆದೆ.