ಇಪ್ಪತ್ತಮೂರು ಪ್ಯಾಕೆಟ್ ಸರಿಯಾಗೇ ಇತ್ತು

"ಬ್ಯಾಂಕಿಗೆ ಯಾವಾಗ ಹೋದ್ರೂ ಲಂಚ್ ಟೈಮ್ ಅಂತಾರೆ" ಅನ್ನೋ ಜೋಕ್ ನಿಮಗೆಲ್ಲ ಗೊತ್ತು. ನನಗೂ ವಾರಕ್ಕೊಂದು ಸಲ ಯಾರಾದರೂ ಫಾರ್ವರ್ಡ್ ಮಾಡುತ್ತಾರೆ. ಹಾಸನ ಜಿಲ್ಲೆಯ ಒಂದು ಸಣ್ಣ ಊರಿನ ಶಾಖೆಯಲ್ಲಿ ನಾನು ಅಕೌಂಟೆಂಟ್. ಸರ್ವಿಸ್ 19 ವರ್ಷ, ಶುಗರ್ 6 ವರ್ಷ. ನಾನು ಊಟಕ್ಕೆ ಎದ್ದು ಹೋಗಿ ಯಾರೋ ಕೌಂಟರಲ್ಲಿ ಕಾದರು ಅನ್ನೋದು ಆ 19 ವರ್ಷದಲ್ಲಿ ಎಷ್ಟು ಸಲ ಆಗಿದೆಯೋ ಬೆರಳಲ್ಲಿ ಎಣಿಸಬಹುದು. ಇದನ್ನ ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ.

2024ರ ಮಾರ್ಚ್ 27, ಬುಧವಾರ. ಆ ವರ್ಷ 31ನೇ ತಾರೀಕು ಭಾನುವಾರ ಬಂದಿತ್ತು. ಆದರೂ ಸರ್ಕಾರಿ ವ್ಯವಹಾರ ಮಾಡೋ ಶಾಖೆಗಳು ತೆರೆದಿರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು. ಅಂದರೆ ಭಾನುವಾರವೂ ಹೋಯಿತು. ವರ್ಷದ ಲೆಕ್ಕ ಮುಗಿಸೋ ಈ ಕ್ಲೋಸಿಂಗ್ ವಾರ ಹೇಗಿರುತ್ತೆ ಅಂತ ಬ್ಯಾಂಕಿನವರಿಗೆ ಹೇಳಬೇಕಿಲ್ಲ. ಬೆಳಿಗ್ಗೆ 9ಕ್ಕೆ ಆರ್‌ಓ, ಅಂದರೆ ರೀಜನಲ್ ಆಫೀಸಿನ ವಿಸಿ (ವಿಡಿಯೋ ಮೀಟಿಂಗ್), ಅದರಲ್ಲಿ ಎಸ್‌ಎಂಎ-2, ಅಂದರೆ ಬಾಕಿ ಬಿದ್ದು ಎರಡು ತಿಂಗಳು ದಾಟಿದ ಸಾಲಗಳ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳೋದು. ಆಮೇಲೆ ವಾಟ್ಸಾಪ್ ಗ್ರೂಪಲ್ಲಿ ಗಂಟೆಗೊಂದು ಸಲ "ಫಿಗರ್ ಪ್ಲೀಸ್". ಫಿಗರ್ ಕಳಿಸೋಕೆ ಹತ್ತು ನಿಮಿಷ ಹೋದರೆ ಆ ಫಿಗರ್ ಮಾಡೋಕೆ ಟೈಮ್ ಎಲ್ಲಿಂದ ಬರಬೇಕು? ಅದನ್ನು ಕೇಳೋರೇ ಇಲ್ಲ.

ಬೆಳಿಗ್ಗೆ 6:45ಕ್ಕೆ ಎರಡು ಇಡ್ಲಿ ತಿಂದು ಗ್ಲಿಮೆಪಿರೈಡ್ ಇರೋ ಶುಗರ್ ಮಾತ್ರೆ ನುಂಗಿ ಬಸ್ ಹತ್ತಿದ್ದೆ. ಡಬ್ಬಿಯಲ್ಲಿ ಮೂರು ಚಪಾತಿ, ಹುರುಳಿಕಾಯಿ ಪಲ್ಯ. 12:30ಕ್ಕೆ ಹಸಿವಾಯಿತು, ಕೆಸಿಸಿ (ಕಿಸಾನ್ ಕ್ರೆಡಿಟ್ ಕಾರ್ಡ್) ಸಾಲದ ರಿನ್ಯೂವಲ್‌ಗೆ ಬಂದ ನಾಲ್ಕು ಜನ ನಿಂತಿದ್ದರು, ಆಮೇಲೆ ಅಂದುಕೊಂಡೆ. 1:30ಕ್ಕೆ ಡಬ್ಬಿ ಮುಚ್ಚಳ ತೆಗೆದೆ. ಆರ್‌ಓದಿಂದ ಫೋನ್. ಮುಚ್ಚಳ ಹಾಕಿದೆ. 3ಕ್ಕೆ ಹಸಿವೇ ಇರಲಿಲ್ಲ. ಅದು ಒಳ್ಳೇದೇ ಆಯಿತು ಅಂದುಕೊಂಡ ಬುದ್ಧಿವಂತೆ ನಾನು.

5 ಗಂಟೆಗೆ ಕ್ಯಾಶ್ ಕ್ಲೋಸ್ ಮಾಡೋಕೆ ಕೂತೆವು. ನಮ್ಮ ಕ್ಯಾಶಿಯರ್ ಹುಡುಗಿ ಸೇರಿ ಎಂಟು ತಿಂಗಳಾಗಿತ್ತು, ಇನ್ನೂ ಪ್ರೊಬೇಷನ್. ಚೂಟಿ ಹುಡುಗಿ. ಅವಳು ನೂರು ನೂರು ನೋಟಿನ ಪ್ಯಾಕೆಟ್ ಜೋಡಿಸಿಟ್ಟಳು. ಬೇಗ ಮುಗೀಲಿ ಅಂತ ಡಿನಾಮಿನೇಷನ್ ಶೀಟ್, ಅಂದರೆ ಯಾವ ನೋಟು ಎಷ್ಟಿದೆ ಅನ್ನೋ ಪಟ್ಟಿ, ನಾನೇ ಬರೆದೆ. ಸಿಸ್ಟಮ್ ಬ್ಯಾಲೆನ್ಸ್ ಜೊತೆ ನೋಡಿದರೆ 30,000 ಕಮ್ಮಿ.

ಎದೆ ಧಸಕ್ ಅಂತು. ಮತ್ತೆ ಎಣಿಸಿದೆ. 500 ಮತ್ತು 200ರದ್ದು ಸೇರಿ ಪ್ಯಾಕೆಟ್ ಇಪ್ಪತ್ತಮೂರು. ಶೀಟಲ್ಲೂ ಇಪ್ಪತ್ತಮೂರು. ಆದರೂ 30,000 ಕಮ್ಮಿ. ಮತ್ತೆ ಎಣಿಸಿದೆ, ಇಪ್ಪತ್ತಮೂರು. ಅಂಗೈ ಬೆವರುತ್ತಿತ್ತು, ಮೇಲಿನ ಪ್ಯಾಕೆಟ್‌ಗೆ ಸುತ್ತಿದ ಕಾಗದದ ಪಟ್ಟಿ ನನ್ನ ಹೆಬ್ಬೆಟ್ಟಿಗೆ ಅಂಟಿಕೊಂಡು ಬಂತು. ಹದಿನಾರು ಆದಮೇಲೆ ಏನು ಬರುತ್ತೆ ಅಂತ ಒಂದು ಕ್ಷಣ ಹೊಳೀಲೇ ಇಲ್ಲ. ಫ್ಯಾನ್ ಸದ್ದು ದೂರದಿಂದ ಬಂದ ಹಾಗೆ ಕೇಳಿಸುತ್ತಿತ್ತು. ನಾನು ಇದೆಲ್ಲ ಟೆನ್ಷನ್ ಅಂದುಕೊಂಡೆ. ಕ್ಯಾಶ್ ಕಮ್ಮಿ ಬಂದರೆ ಯಾರಿಗೆ ಟೆನ್ಷನ್ ಆಗಲ್ಲ ಹೇಳಿ.

"ಮೇಡಂ, ನೀವು ಒಂದ್ನಿಮಿಷ ಕೂತ್ಕೊಳ್ಳಿ, ಶೀಟ್ ನಾನು ನೋಡ್ತೀನಿ" ಅಂದಳು.

ಈಗ ಬರೆಯೋಕೆ ಕಷ್ಟ ಆಗೋ ಭಾಗ. ನಾನು ಅವಳ ಮೇಲೆ ರೇಗಿದೆ. "ನಾನು ಬರೆದಿದ್ದರಲ್ಲಿ ಏನು ನೋಡ್ತೀಯ? ಮೊದಲು ನಿನ್ನ ಡ್ರಾಯರ್ ನೋಡು. ಬ್ಯಾಗ್ ತೆಗಿ" ಅಂದೆ. ಶಾಖೆಯಲ್ಲಿ ಐದು ಜನ ಇದ್ದರು, ಎಲ್ಲರೂ ತಲೆ ಎತ್ತಿದರು. ಅವಳು ಒಂದು ಮಾತೂ ಆಡದೆ ಬ್ಯಾಗ್ ತಂದು ಮೇಜಿನ ಮೇಲೆ ಸುರಿದಳು. ಬಾಚಣಿಗೆ, ಬಸ್ ಪಾಸ್, ಮಡಚಿದ ಛತ್ರಿ, ಜೆಎಐಐಬಿ ಅನ್ನೋ ಬ್ಯಾಂಕ್ ಪರೀಕ್ಷೆಯ ಪುಸ್ತಕ, ತೊಳೆದಿಟ್ಟ ಖಾಲಿ ಡಬ್ಬಿ. ಅವಳು ಊಟ ಮಾಡಿದ್ದಳು.

ಅಷ್ಟರಲ್ಲಿ ನನ್ನ ಕೈ ನಡುಗೋದನ್ನ ನೋಡಿದ್ದು ನಮ್ಮ ಅಟೆಂಡರ್ ಅಣ್ಣ. ಅವರ ಮನೆಯವರಿಗೂ ಶುಗರ್. "ಮೇಡಂ, ಮಧ್ಯಾಹ್ನ ಏನು ತಿಂದ್ರಿ?" ಅಂದರು. ಉತ್ತರ ಕೊಡೋಕೂ ನನಗೆ ಸಿಟ್ಟು. ಅವರು ಕಾಯಲಿಲ್ಲ. ಅರ್ಧ ಲೋಟ ನೀರಿಗೆ ಮೂರು ಚಮಚ ಸಕ್ಕರೆ ಕದಡಿ ತಂದು, ಚಿಕ್ಕ ಮಕ್ಕಳಿಗೆ ಹೇಳೋ ಹಾಗೆ "ಕುಡೀರಿ ಮೊದಲು" ಅಂದರು. ಪಕ್ಕದ ಮೆಡಿಕಲ್ ಸ್ಟೋರ್ ಹುಡುಗ ಮಿಷನ್ ತಂದು ಚುಚ್ಚಿ ನೋಡಿದ. ಸಕ್ಕರೆ ನೀರು ಕುಡಿದ ಮೇಲೂ 61. 70ಕ್ಕಿಂತ ಕೆಳಗಿದ್ದರೆ ಲೋ ಶುಗರ್. ಅದಕ್ಕೂ ಮುಂಚೆ ಎಷ್ಟಿತ್ತೋ ದೇವರಿಗೇ ಗೊತ್ತು. ಆ ಮಾತ್ರೆ ನಾವು ಊಟ ಮಾಡಿದೆವೋ ಬಿಟ್ಟೆವೋ ಅಂತ ಕೇಳಿಕೊಂಡು ಕೆಲಸ ಮಾಡಲ್ಲ. ಡಾಕ್ಟರು ಇದನ್ನ ಆರು ವರ್ಷದಿಂದ ಹೇಳುತ್ತಿದ್ದರು, ನಾನು ತಲೆ ಆಡಿಸುತ್ತಿದ್ದೆ.

ಹದಿನೈದು ನಿಮಿಷ ಕುರ್ಚಿಗೆ ಒರಗಿ ಕೂತೆ. ಆ ಹದಿನೈದು ನಿಮಿಷದಲ್ಲಿ ಅವಳು ಶೀಟ್ ತೆಗೆದುಕೊಂಡು ನೋಡಿದಳು. 500ರ ಸಾಲಿನಲ್ಲಿ 11 ಪ್ಯಾಕೆಟ್, 200ರ ಸಾಲಿನಲ್ಲಿ 12 ಅಂತ ಬರೆದಿದ್ದೆ. ಇದ್ದದ್ದು ಉಲ್ಟಾ. ಒಂದು ಪ್ಯಾಕೆಟ್ ಆಚೀಚೆ ಆದರೆ 50,000ಕ್ಕೂ 20,000ಕ್ಕೂ ಇರೋ ವ್ಯತ್ಯಾಸ 30,000. ಒಂದು ಬೂದು ಬಣ್ಣದ ನೋಟು, ಇನ್ನೊಂದು ಹಳದಿ. ಸಣ್ಣ ಮಕ್ಕಳೂ ಮಾಡದ ತಪ್ಪು. ನಾನು ಮೂರು ಸಲ ಎಣಿಸಿದ್ದೆ, ಮೂರು ಸಲವೂ ಒಟ್ಟು ಪ್ಯಾಕೆಟ್ ಮಾತ್ರ.

ಅವತ್ತು ಸಂಜೆ ಕ್ಯಾಶ್ ಕ್ಯಾಬಿನ್ ಒಳಗೆ ಅವಳಿಗೆ ಸಾರಿ ಕೇಳಿದೆ. "ಪರವಾಗಿಲ್ಲ ಮೇಡಂ" ಅಂದಳು. ಬೈದಿದ್ದು ಐದು ಜನರ ಮುಂದೆ, ಸಾರಿ ಕೇಳಿದ್ದು ಒಬ್ಬಳೇ ಇದ್ದಾಗ. ಇದು ನನಗೆ ಹೊಳೆದದ್ದು ಮನೆಗೆ ಹೋಗೋ ಬಸ್ಸಿನಲ್ಲಿ. ಮರುದಿನ ಎಲ್ಲರ ಮುಂದೆ ಹೇಳಬೇಕು ಅಂದುಕೊಂಡೆ. ಮರುದಿನ ಬೆಳಿಗ್ಗೆ 9ಕ್ಕೆ ವಿಸಿ ಇತ್ತು. ಕೊನೆಗೆ ಹೇಳಿದ್ದು ಏಪ್ರಿಲ್ ಎರಡನೇ ವಾರದಲ್ಲಿ. ಅಷ್ಟೊತ್ತಿಗೆ ಹೇಳಿದರೂ ಒಂದೇ, ಬಿಟ್ಟರೂ ಒಂದೇ ಅನ್ನೋ ಹಾಗಾಗಿತ್ತು.

ನಮ್ಮ ಮೇಲಿನವರಿಗೆ ಸಿಬ್ಬಂದಿ ಆರೋಗ್ಯದ ಕಾಳಜಿ ಇಲ್ಲ ಅಂತ ಹೇಳೋ ಹಾಗಿಲ್ಲ. ಮೇ ತಿಂಗಳಲ್ಲಿ 'ಕೆಲಸ ಮತ್ತು ನೆಮ್ಮದಿ' ಅಂತ ಒಂದು ವೆಬಿನಾರ್ ಇಟ್ಟರು. ನಾಲ್ಕನೇ ಶನಿವಾರ, ರಜೆ ದಿನ, ಹಾಜರಿ ಕಡ್ಡಾಯ, ಸ್ಕ್ರೀನ್‌ಶಾಟ್ ಕಳಿಸಬೇಕು. ಅವರು ಒಂದು ಚೌಕ ಬರೆದು ನಾಲ್ಕು ಭಾಗ ಮಾಡಿ, ಅರ್ಜೆಂಟ್ ಬೇರೆ, ಮುಖ್ಯ ಬೇರೆ ಅಂತ ಹೇಳಿದರು. ತಪ್ಪೇನಲ್ಲ. ಆದರೆ ನಮ್ಮ ಶಾಖೆಯಲ್ಲಿ ಯಾವುದು ಅರ್ಜೆಂಟ್ ಅಂತ ಗೊತ್ತು ಮಾಡೋದು ಫೋನ್. ಡಬ್ಬಿಗೆ ಫೋನ್ ಮಾಡೋಕೆ ಬರಲ್ಲ ಅಲ್ವಾ, ಅದಕ್ಕೇ ಅದು ಕೊನೆಗೆ ಉಳಿಯೋದು.

ನನಗೆ ನಿಜವಾಗಿ ಬುದ್ಧಿ ಬಂದದ್ದು ಜುಲೈನಲ್ಲಿ, ಅದೂ ನೆಮ್ಮದಿಗೆ ಸಂಬಂಧವೇ ಇಲ್ಲದ ಒಂದು ನಿಯಮದಿಂದ. ಕ್ಯಾಶ್, ಟ್ರೆಷರಿ ಥರದ ಸೂಕ್ಷ್ಮ ಜಾಗದಲ್ಲಿ ಇರೋರನ್ನ ವರ್ಷಕ್ಕೊಮ್ಮೆ, ಮುಂಚೆ ತಿಳಿಸದೆ, ಕಡಿಮೆ ಅಂದರೂ ಒಟ್ಟಿಗೆ 10 ಕೆಲಸದ ದಿನ ರಜೆ ಮೇಲೆ ಕಳಿಸಬೇಕು ಅಂತ ರಿಸರ್ವ್ ಬ್ಯಾಂಕ್ 2021ರಲ್ಲಿ ಹೇಳಿದೆ. ರಜೆಯಲ್ಲಿ ಸಿಸ್ಟಮ್ ಮುಟ್ಟೋ ಹಾಗಿಲ್ಲ. ನಾವು ಆರಾಮಾಗಿರಲಿ ಅಂತ ಅಲ್ಲ, ಏನಾದರೂ ಗೋಲ್‌ಮಾಲ್ ಮಾಡಿದ್ದರೆ ನಾವಿಲ್ಲದಾಗ ಹೊರಬರಲಿ ಅಂತ. ಸೋಮವಾರ ಬೆಳಿಗ್ಗೆ ಹೋದವಳನ್ನ ವಾಪಸ್ ಕಳಿಸಿದರು. ಮೊದಲ ಎರಡು ದಿನ ನಾನೇ ಶಾಖೆಗೆ ಫೋನ್ ಮಾಡಿದೆ. ಮೂರನೇ ದಿನ ಆ ಹುಡುಗಿಯೇ ಎತ್ತಿದಳು. "ಎಲ್ಲ ಆಗ್ತಾ ಇದೆ ಮೇಡಂ, ನೀವು ಊಟ ಮಾಡಿ" ಅಂದಳು. ಹೊಟ್ಟೆಕಿಚ್ಚು ಆಯಿತು, ಸುಳ್ಳು ಹೇಳಲ್ಲ. ನಾನಿಲ್ಲದಿದ್ರೆ ನಿಂತೇ ಹೋಗುತ್ತೆ ಅಂದುಕೊಂಡಿದ್ದ ಒಂದು ಕೆಲಸವೂ ನಿಲ್ಲಲಿಲ್ಲ.

ಈಗ 1:15ಕ್ಕೆ ಅವಳು, 1:40ಕ್ಕೆ ನಾನು. ಕೌಂಟರ್ ನಿಲ್ಲಲ್ಲ, ಒಬ್ಬರು ಇದ್ದೇ ಇರುತ್ತೇವೆ. ಸಾಲಿನಲ್ಲಿ ಯಾರಾದರೂ "ಇವರದು ಬರೀ ಊಟಾನೇ" ಅಂದರೆ ಕೇಳಿಸದ ಹಾಗೆ ಇರೋದನ್ನ ಕಲಿತಿದ್ದೇನೆ. ಡ್ರಾಯರಲ್ಲಿ ಗ್ಲೂಕೋಸ್ ಪುಡಿ ಇದೆ. ಅಟೆಂಡರ್ ಅಣ್ಣ ತಿಂಗಳಿಗೊಮ್ಮೆ ಡ್ರಾಯರ್ ಎಳೆದು ಅದು ಇದೆಯೋ ಇಲ್ಲವೋ ನೋಡುತ್ತಾರೆ, ಇನ್ಸ್‌ಪೆಕ್ಷನ್‌ಗೆ ಬಂದವರ ಹಾಗೆ.

ಹೋದ ವಾರ ಮತ್ತೆ 1:45ಕ್ಕೆ ವಿಸಿ ಇಟ್ಟರು. ಕ್ಯಾಮೆರಾ ಆನ್ ಇರಲೇಬೇಕು ಅಂದರು. ಆನ್ ಮಾಡಿ, ಡಬ್ಬಿ ಮುಂದಿಟ್ಟುಕೊಂಡು ತಿಂದೆ. ಮೇಲಿನವರು ಏನೂ ಅನ್ನಲಿಲ್ಲ, ನೋಡಿದರೋ ಇಲ್ಲವೋ. ಪಕ್ಕದ ಶಾಖೆಯವರು ಮಾತ್ರ ಚಾಟಲ್ಲಿ "ಪಲ್ಯ ಯಾವುದು ಮೇಡಂ" ಅಂತ ಕೇಳಿದರು. ಹೀರೆಕಾಯಿ.