ಕ್ರೂಸ್‌ಗೆ ಹೊರಟ ಸಸ್ಯಾಹಾರಿಗಳು ಮೊದಲು ಸೂಪ್ ಬಗ್ಗೆ ಕೇಳಿ

ಹಡಗಿನಲ್ಲಿ ಮೊದಲ ರಾತ್ರಿಯ ಮೆನುವಿನಲ್ಲಿ ಅಣಬೆ ಸೂಪ್ ಇತ್ತು. ಅಮ್ಮನಿಗೆ ಅಣಬೆ ಅಂದರೆ ಇಷ್ಟ. ಅರ್ಧ ಬಟ್ಟಲು ಖಾಲಿಯಾದ ಮೇಲೆ ನನಗೆ ಯಾಕೋ ಅನುಮಾನ ಬಂತು. ವೇಟರ್‌ನನ್ನು ಕರೆದು, "ಇದರಲ್ಲಿ ಮಾಂಸ ಇಲ್ಲ ಅಲ್ವಾ?" ಎಂದು ಕೇಳಿದೆ. ಅವನು ನಗುನಗುತ್ತಲೇ, "ಖಂಡಿತ ಇಲ್ಲ, ಬರೀ ಚಿಕನ್ ಸ್ಟಾಕ್" ಎಂದ. ಸ್ಟಾಕ್ ಅಂದರೆ ಮೂಳೆ ಬೇಯಿಸಿದ ನೀರು. ಅವನ ಲೆಕ್ಕದಲ್ಲಿ ಅದು ಸರಿಯಾದ ಉತ್ತರವೇ. ತುಂಡು ಕಾಣದಿದ್ದರೆ ಮಾಂಸ ಇಲ್ಲ. ಅಮ್ಮ ಚಮಚ ಕೆಳಗಿಟ್ಟಳು. ಆ ರಾತ್ರಿ ಬ್ರೆಡ್ಡು, ಬೆಣ್ಣೆ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ.

ನಾವು ಹೋಗಿದ್ದು ಬಾರ್ಸಿಲೋನಾದಿಂದ ಹೊರಟು, ಪಶ್ಚಿಮ ಮೆಡಿಟರೇನಿಯನ್ ಸುತ್ತಿ, ಮತ್ತೆ ಅಲ್ಲಿಗೇ ಬರುವ ಏಳು ರಾತ್ರಿಯ ಕ್ರೂಸ್. ಸಮುದ್ರ, ಸೂರ್ಯಾಸ್ತ, ಡೆಕ್ಕಿನ ಮೇಲಿನ ಈಜುಕೊಳದ ಬಗ್ಗೆ ಬರೆಯುವುದಿಲ್ಲ. ಎಲ್ಲ ಫೋಟೋದಲ್ಲಿ ಇರುವ ಹಾಗೇ ಇವೆ. ಊಟದ ಬಗ್ಗೆ ಮಾತ್ರ ಬರೆಯುತ್ತೇನೆ. ಹೊರಡುವ ಮುಂಚೆ ನಾನು ಎಲ್ಲರನ್ನೂ ಕೇಳಿದ್ದು ಅದನ್ನೇ, ಯಾರೂ ಸರಿಯಾಗಿ ಹೇಳದಿದ್ದದ್ದೂ ಅದನ್ನೇ.

ಬುಕ್ ಮಾಡುವಾಗಲೇ ಏಜೆಂಟ್‌ಗೆ ಬಿಡಿಸಿ ಹೇಳಿದ್ದೆ. ಮಾಂಸ ಬೇಡ, ಮೀನು ಬೇಡ, ಅಮ್ಮನಿಗೆ ಮೊಟ್ಟೆಯೂ ಬೇಡ. "ಎಲ್ಲಾ ಹಾಕಿದ್ದೀನಿ, ಪಕ್ಕಾ ಆಗಿದೆ, ನೀವು ಸುಮ್ನೆ ಹೋಗಿ ಕೂತ್ಕೊಳ್ಳಿ" ಎಂದಿದ್ದರು. ಆ ಸೂಪಿನ ಮರುದಿನ ಹಡಗಿನಲ್ಲಿ ವಿಚಾರಿಸಿದಾಗ ನಿಜ ಗೊತ್ತಾಯಿತು. ನಮ್ಮ ಕ್ಯಾಬಿನ್ ನಂಬರ್ ಮುಂದೆ "ವೆಜಿಟೇರಿಯನ್" ಎಂಬ ಒಂದೇ ಒಂದು ಪದ. ಮೊಟ್ಟೆಯ ಸುದ್ದಿ ಇಲ್ಲ. ಆ ಪದವೂ ನಮ್ಮ ಟೇಬಲ್ಲಿನ ವೇಟರ್‌ವರೆಗೆ ಬಂದಿರಲಿಲ್ಲ. ವಿಶೇಷ ಊಟದ ಕೋರಿಕೆಯನ್ನು ವಾರಗಳ ಮುಂಚೆಯೇ ಕಂಪನಿಗೆ ಕಳಿಸಬೇಕು, ಅದು ಸರಿ. ಏಜೆಂಟ್ ಮೂಲಕ ಕಳಿಸಿದ್ದರೂ ನೀವೇ ಇನ್ನೊಂದು ಇಮೇಲ್ ಹಾಕಿ ಲಿಖಿತ ಉತ್ತರ ತರಿಸಿಕೊಳ್ಳಿ. ಆದರೆ ಅದನ್ನು ನಂಬಿ ಕೂರಬೇಡಿ. ಕೆಲಸ ನಡೆಯುವುದು ಹಡಗು ಹತ್ತಿದ ಮೇಲೆ.

ಯಾರನ್ನು ಕಾಣಬೇಕು ಎನ್ನುವುದೇ ಮುಖ್ಯ. ದೊಡ್ಡ ಊಟದ ಹಾಲ್‌ಗೆ ಒಬ್ಬ ಮುಖ್ಯಸ್ಥರು ಇರುತ್ತಾರೆ. ಹಡಗಿನವರು ಅವರನ್ನು ಮೇತ್ರ ಡಿ ಎನ್ನುತ್ತಾರೆ. ಹತ್ತಿದ ದಿನ ಮಧ್ಯಾಹ್ನವೇ ಅವರನ್ನು ಹುಡುಕಿ. ಆ ಹೊತ್ತಿಗೆ ಎಲ್ಲರೂ ಮೇಲಿನ ಬಫೆಗೆ ನುಗ್ಗಿರುತ್ತಾರೆ, ಹಾಲ್ ಖಾಲಿ ಇರುತ್ತದೆ, ಅವರಿಗೂ ಮಾತಾಡಲು ಪುರುಸೊತ್ತು ಇರುತ್ತದೆ. ನಾನು ಒಂದು ದಿನ ತಡವಾಗಿ ಹೋದೆ. ಆದರೂ ಅವರು ಕೂರಿಸಿಕೊಂಡು ಹತ್ತು ನಿಮಿಷ ಅಡುಗೆಮನೆ ನಡೆಯುವ ರೀತಿ ಹೇಳಿದರು. ಇಡೀ ಪ್ರವಾಸದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಹತ್ತು ನಿಮಿಷ ಅದು.

ವಿಷಯ ಇಷ್ಟೇ. ಸಾವಿರಾರು ಜನರಿಗೆ ಅಡುಗೆ ಆಗಬೇಕು. ಹಾಗಾಗಿ ಸ್ಟಾಕ್ ದೊಡ್ಡ ದೊಡ್ಡ ಹಂಡೆಗಳಲ್ಲಿ ಮುಂಚೆಯೇ ತಯಾರಾಗಿರುತ್ತದೆ. ಸೂಪ್, ಸಾಸ್, ರಿಸೊಟ್ಟೊ ಎಂಬ ಇಟಲಿಯ ಅನ್ನ, ಎಲ್ಲಕ್ಕೂ ಅದೇ. ರಾತ್ರಿ ಎಂಟು ಗಂಟೆಗೆ ನೀವು "ಚಿಕನ್ ಇಲ್ಲದೆ ಕೊಡಿ" ಅಂದರೆ ವೇಟರ್ ಏನು ಮಾಡಬಲ್ಲ? ಮೇಲಿನ ತುಂಡು ತೆಗೆದು ಕೊಡಬಲ್ಲ, ಅಷ್ಟೇ. ಅದೇ ಹಿಂದಿನ ರಾತ್ರಿ ಹೇಳಿದರೆ ನಿಮಗೆ ಅಂತ ಒಂದು ಸಣ್ಣ ಪಾತ್ರೆ ಬೇರೆ ಇಡುತ್ತಾರೆ. "ನಾಳೆಯ ಮೆನು ಇವತ್ತೇ ನೋಡಿ, ಇವತ್ತೇ ಹೇಳಿ" ಎಂದರು ಅವರು.

ಅಲ್ಲಿಂದ ಮುಂದೆ ದಿನಾ ರಾತ್ರಿ ಸಿಹಿ ಬರುವ ಹೊತ್ತಿಗೆ ವೇಟರ್ ಮರುದಿನದ ಮೆನು ತಂದು ಮುಂದಿಡುತ್ತಿದ್ದ. ಅಮ್ಮ ಕನ್ನಡಕ ಹಾಕಿಕೊಂಡು ಪರೀಕ್ಷೆ ಪೇಪರ್ ತಿದ್ದುವ ಹಾಗೆ ನೋಡುತ್ತಿದ್ದಳು. ಮೆನುವಿನಲ್ಲಿ ಇಲ್ಲದ್ದನ್ನೂ ಕೇಳಬಹುದು. ಹಲವು ಹಡಗುಗಳ ಅಡುಗೆಮನೆಯಲ್ಲಿ ಭಾರತದ ಅಡುಗೆಯವರು ಇರುತ್ತಾರೆ, ನಮ್ಮದರಲ್ಲೂ ಇದ್ದರು. ಮೂರನೇ ರಾತ್ರಿ ಕಡಲೆಕಾಳು, ಪಾಲಕ್ ಹಾಕಿದ ಕರಿ, ಅನ್ನ ಬಂತು. ಹೊಗಳಬೇಕು ಅಂತ ಹೊಗಳುವುದಿಲ್ಲ, ಖಾರ ಕಮ್ಮಿಯೇ ಇತ್ತು. ಆದರೆ ಬಿಸಿಯಾಗಿತ್ತು, ಯಾವ ಅನುಮಾನವೂ ಇಲ್ಲದೆ ತಿನ್ನಬಹುದಿತ್ತು. ನಾಲ್ಕನೇ ರಾತ್ರಿ ಬದನೆಕಾಯಿ, ಟೊಮೆಟೊ ಪದರ ಪದರವಾಗಿ ಜೋಡಿಸಿ ಒಲೆಯಲ್ಲಿ ಬೇಯಿಸಿದ್ದು. ಅದು ನಿಜಕ್ಕೂ ಚೆನ್ನಾಗಿತ್ತು, ಎರಡನೇ ಸಲ ಹಾಕಿಸಿಕೊಂಡೆವು. ಎರಡನೇ ಸಲಕ್ಕೆ ದುಡ್ಡಿಲ್ಲ, ಸಂಕೋಚ ಬೇಡ.

ಇದಕ್ಕಾಗಿಯೇ ಒಂದು ಮಾತು. ಬುಕ್ ಮಾಡುವಾಗ ಊಟದ ಹೊತ್ತು ಎರಡು ರೀತಿ ಇರುತ್ತದೆ. ಒಂದು, ದಿನಾ ಒಂದೇ ಸಮಯ, ಒಂದೇ ಟೇಬಲ್, ಅದೇ ವೇಟರ್. ಇನ್ನೊಂದು, ಯಾವಾಗ ಬೇಕಾದರೂ ಹೋಗಿ ಸಿಕ್ಕ ಟೇಬಲ್ಲಿನಲ್ಲಿ ಕೂರುವುದು. ಎರಡನೆಯದು ಸ್ವತಂತ್ರ ಅನಿಸುತ್ತದೆ. ಆದರೆ ಸಸ್ಯಾಹಾರಿಗೆ ಮೊದಲನೆಯದೇ ಸರಿ. ಇಲ್ಲದಿದ್ದರೆ ಪ್ರತಿ ರಾತ್ರಿ ಹೊಸಬರ ಮುಂದೆ ಅದೇ ಕಥೆ, ಅದೇ ಸ್ಟಾಕ್, ಅದೇ ಮೊಟ್ಟೆ.

ಹೇಳುವಾಗ "ವೆಜಿಟೇರಿಯನ್" ಅಂದರೆ ಸಾಲದು. ಒಂದೊಂದು ದೇಶದವರಿಗೆ ಅದು ಒಂದೊಂದು ಅರ್ಥ. ಕೆಲವರು ಮೀನು ತಂದಿಡುತ್ತಾರೆ. ಮಾಂಸ, ಮೀನು, ಮೊಟ್ಟೆ, ಸ್ಟಾಕ್, ಜೆಲಾಟಿನ್ (ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಅಂಟು) ಎಂದು ಬೇಡದ್ದನ್ನೆಲ್ಲಾ ಒಂದು ಚೀಟಿಯಲ್ಲಿ ಬರೆದುಕೊಡಿ. ಮೊಟ್ಟೆ, ಹಾಲು ಎರಡೂ ಬೇಡ ಎನ್ನುವವರು "ವೀಗನ್" ಅಂದರೆ ಬೇಗ ಅರ್ಥವಾಗುತ್ತದೆ. ನಾವೂ ಎಷ್ಟೋ ಸಲ ಹಾಗೇ ಹೇಳಿ ಪಾರಾದೆವು. ಆಮೇಲೆ ಅಮ್ಮ ಮೊಸರು ಕೇಳಿದಾಗ ವೇಟರ್ ನನ್ನ ಮುಖ ನೋಡಿದ, ಅದು ಬೇರೆ ಮಾತು.

ಮೋಸ ಹೋಗುವ ಜಾಗಗಳು ನನಗೆ ಒಂದೊಂದಾಗಿ ಗೊತ್ತಾದವು. ಸೀಸರ್ ಸಲಾಡ್ ನೋಡಲು ಬರೀ ಸೊಪ್ಪು. ಅದರ ಡ್ರೆಸ್ಸಿಂಗ್‌ಗೆ ಆಂಚೊವಿ ಎಂಬ ಸಣ್ಣ ಮೀನು ಹಾಕುತ್ತಾರೆ. ಫ್ರೆಂಚ್ ಈರುಳ್ಳಿ ಸೂಪ್‌ಗೆ ಹೆಸರು ಈರುಳ್ಳಿಯದು, ನೀರು ದನದ ಮೂಳೆಯದು. ತರಕಾರಿ ಥಾಯ್ ಕರಿಯಲ್ಲಿ ಸೀಗಡಿ ಪೇಸ್ಟು, ಮೀನಿನ ಸಾಸು. ಬಾಯಲ್ಲಿ ಕರಗುವ ಪನ್ನಾ ಕೋಟಾ, ಕೆಲವು ಮೂಸ್‌ಗಳಂಥ ಕೆನೆಯ ಸಿಹಿಗಳು ಗಟ್ಟಿಯಾಗುವುದು ಜೆಲಾಟಿನ್‌ನಿಂದ. ಆಲೂಗಡ್ಡೆ ಫ್ರೈ ಮೀನು ಕರಿದ ಎಣ್ಣೆಯಲ್ಲೇ ಬಂದಿರಬಹುದು, ಕೇಳಿದರೆ ಹೇಳುತ್ತಾರೆ. ಪಾಸ್ತಾ ತಾಜಾ ಆಗಿದ್ದರೆ ಸಾಮಾನ್ಯವಾಗಿ ಅದರಲ್ಲಿ ಮೊಟ್ಟೆ ಇರುತ್ತದೆ. ಪ್ಯಾಕೆಟ್ಟಿನ ಒಣ ಸ್ಪಗೆಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. "ಫ್ರೆಶ್" ಅಂದ ತಕ್ಷಣ ಖುಷಿಪಡುವ ನಾನು, ಅಮ್ಮನ ತಟ್ಟೆಗೆ ಮಾತ್ರ ಒಣದನ್ನೇ ಕೇಳುವಂತಾಯಿತು.

ಪಾರ್ಮಿಜಾನೊ ರೆಜಾನೊ ಚೀಸ್ ಬಗ್ಗೆ ಕೇಳಿ ನನಗೇ ಬೇಜಾರಾಯಿತು. ಆ ಹೆಸರಿನಲ್ಲಿ ಮಾರಬೇಕಾದರೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿಯೇ ಹಾಲು ಒಡೆಯಬೇಕು ಎಂಬುದು ಅದರ ನಿಯಮ. ಇಷ್ಟು ವರ್ಷ ತಿಂದಿದ್ದೇನೆ. ಹಡಗಿನಲ್ಲಿ ಏನಕ್ಕೂ ಅದನ್ನು ತುರಿದು ಉದುರಿಸುತ್ತಾರೆ, ಕೇಳುವುದೂ ಇಲ್ಲ. ನಿಮಗೆ ಇದು ಮುಖ್ಯ ಅನಿಸಿದರೆ ಚೀಟಿಯಲ್ಲಿ ಅದನ್ನೂ ಸೇರಿಸಿ.

ಈಗ ನನ್ನ ದುಡ್ಡು ಹೋದ ಕಥೆ. ದೊಡ್ಡ ಹಾಲ್, ಬಫೆ ಎರಡೂ ಟಿಕೆಟ್ಟಿನಲ್ಲೇ ಸೇರಿರುತ್ತವೆ. ಇವಲ್ಲದೆ "ಸ್ಪೆಷಾಲಿಟಿ" ಎಂದು ಸಣ್ಣ ರೆಸ್ಟೋರೆಂಟ್‌ಗಳಿರುತ್ತವೆ. ಅವಕ್ಕೆ ಬೇರೆ ದುಡ್ಡು, ಒಬ್ಬೊಬ್ಬರಿಗೆ ಇಷ್ಟು ಅಂತ. ಸಸ್ಯಾಹಾರಿಗಳಿಗೆ ಅಲ್ಲೇ ಒಳ್ಳೆಯದು ಸಿಗುತ್ತದೆ ಎಂದು ಏಜೆಂಟ್ ಮೂರು ರಾತ್ರಿಯ ಪ್ಯಾಕೇಜ್ ಮಾರಿದ್ದರು. ಮೊದಲನೆಯದು ಸ್ಟೇಕ್ ಹೌಸ್. ಯೋಚನೆ ಮಾಡಿ, ಸ್ಟೇಕ್ ಹೌಸ್! ಅಲ್ಲಿ ಮಾಂಸ ತಿನ್ನುವವರು ಎಷ್ಟು ಕೊಡುತ್ತಾರೋ ನಾವೂ ಅಷ್ಟೇ ಕೊಟ್ಟು, ಬೇಯಿಸಿದ ಆಲೂಗಡ್ಡೆ, ಶತಾವರಿ ದಂಟು, ಕೆನೆ ಹಾಕಿದ ಪಾಲಕ್ ತಿಂದು ಎದ್ದೆವು. ಎಲ್ಲವೂ ಪಕ್ಕದಲ್ಲಿ ಬಡಿಸುವ ಪದಾರ್ಥಗಳು. ಊಟಕ್ಕೆ ಹೋಗಿ ಉಪ್ಪಿನಕಾಯಿ ಮಾತ್ರ ನೆಕ್ಕಿ ಬಂದ ಹಾಗೆ.

ಎರಡನೆಯದು ಇಟಾಲಿಯನ್. ರಿಸೊಟ್ಟೊ ಸ್ಟಾಕ್ ಇಲ್ಲದೆ ಆಗುವುದಿಲ್ಲ ಎಂದರು. ಕೊನೆಗೆ ಟೊಮೆಟೊ ಸಾಸಿನ ಸ್ಪಗೆಟ್ಟಿ ಬಂತು. ಅದೇ ಸ್ಪಗೆಟ್ಟಿ ಮಧ್ಯಾಹ್ನ ಬಫೆಯಲ್ಲಿ ಬಿಟ್ಟಿಯಾಗಿ ಸಿಕ್ಕಿತ್ತು, ಸಾಸು ಕೂಡ ಅದೇ ಅಂತ ನನ್ನ ನಾಲಿಗೆ ಹೇಳುತ್ತದೆ. ಮೂರನೆಯದನ್ನು ರದ್ದು ಮಾಡಿ ಅಂದರೆ ಪ್ಯಾಕೇಜ್ ದುಡ್ಡು ವಾಪಸ್ ಇಲ್ಲ ಎಂದರು. ಹಾಗಾಗಿ ಮುಂಗಡವಾಗಿ ಪ್ಯಾಕೇಜ್ ತೆಗೆದುಕೊಳ್ಳಬೇಡಿ. ಹಡಗು ಹತ್ತಿದ ಮೇಲೆ ಪ್ರತಿ ರೆಸ್ಟೋರೆಂಟ್ ಬಾಗಿಲಲ್ಲೂ ಮೆನು ಹಾಕಿರುತ್ತಾರೆ, ಓದಿ ನೋಡಿ. ಅಲ್ಲಿಯ ಬಾಣಸಿಗ ನಿಮಗೆ ಏನು ಮಾಡಿಕೊಡುತ್ತಾರೆ ಎಂದು ಬಾಯಿಬಿಟ್ಟು ಹೇಳಿದರೆ ಮಾತ್ರ ದುಡ್ಡು ಕೊಡಿ.

ಬಫೆ ಬಗ್ಗೆ ನನ್ನ ಅಭಿಪ್ರಾಯ ಒಂದು ಚೂರು ಅನ್ಯಾಯದ್ದಿರಬಹುದು. ನನಗೆ ಗುಂಪು ಆಗುವುದಿಲ್ಲ. ಹಡಗು ದಡ ಮುಟ್ಟದ ದಿನ ಮಧ್ಯಾಹ್ನ ಹನ್ನೆರಡೂವರೆಗೆ ಅಲ್ಲಿ ಹೋದರೆ ತಟ್ಟೆ ಹಿಡಿದು ಜಾಗಕ್ಕಾಗಿ ಅಲೆಯಬೇಕು. ಇನ್ನೊಂದು ತೊಂದರೆ ಇಕ್ಕಳದ್ದು. ಚಿಕನ್ ತೆಗೆದ ಇಕ್ಕಳವನ್ನೇ ಪಕ್ಕದ ತರಕಾರಿಗೂ ಹಾಕುತ್ತಾರೆ. ಬಾಗಿಲು ತೆರೆದ ಮೊದಲ ಹದಿನೈದು ನಿಮಿಷದಲ್ಲಿ ಹೋದರೆ ಎರಡೂ ಕಾಟ ಇಲ್ಲ. ಗುಂಪು ಸಹಿಸುವವರಿಗೆ ಬಫೆ ಒಳ್ಳೆಯದೇ, ಕಣ್ಣಿಗೆ ಕಂಡದ್ದನ್ನು ಆರಿಸಿಕೊಳ್ಳಬಹುದು. ಬೆಳಗಿನ ತಿಂಡಿಗೆ ಯಾರಿಗೂ ಕಷ್ಟ ಇಲ್ಲ.

ಹಡಗಿನಲ್ಲಿ ತಿಂದದ್ದೆಲ್ಲಾ ಒಂದು ತೂಕ, ಇಟಲಿಯ ಜಿನೋವಾದಲ್ಲಿ ತಿಂದದ್ದು ಒಂದು ತೂಕ. ಹಡಗು ನಿಲ್ಲುವ ಜಾಗದಿಂದ ಹಳೆಯ ಬಂದರಿನ ಕಡೆಗೆ ನಡೆದೇ ಹೋಗಬಹುದು, ಟೂರ್ ಬಸ್ಸು ಬೇಡ. ಅಲ್ಲಿ ಸೊತ್ತೊರೀಪ ಎಂಬ ಹಳೆಯ ಕಮಾನುಗಳ ಸಾಲಿದೆ. ಕಮಾನಿನ ಕೆಳಗೆ ಕರಿದ ತಿಂಡಿಗಳ ಸಣ್ಣ ಸಣ್ಣ ಅಂಗಡಿಗಳು. ಮೀನಿನ ವಾಸನೆಗೆ ಅಮ್ಮ ಸೆರಗು ಮೂಗಿಗೆ ಹಿಡಿದಳು. ವಾಪಸ್ ಹೋಗೋಣ ಎನ್ನುವಷ್ಟರಲ್ಲಿ ಹಿಂದಿನ ಗಲ್ಲಿಯ ಒಂದು ಅಂಗಡಿಯಲ್ಲಿ ಸೌದೆ ಒಲೆ ಕಂಡಿತು. ಬಂಡಿ ಚಕ್ರದಷ್ಟು ಅಗಲದ ತಾಮ್ರದ ತಟ್ಟೆಯನ್ನು ಒಬ್ಬಾತ ಉದ್ದ ಕೋಲಿನಿಂದ ಒಲೆಯ ಒಳಗೆ ತಳ್ಳುತ್ತಿದ್ದ.

ಅದು ಫರಿನಾತ. ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಇಷ್ಟೇ. ಹಿಟ್ಟನ್ನು ನೀರಾಗಿ ಕಲಸಿ, ಕೆಲವು ಗಂಟೆ ನೆನೆಯಲು ಬಿಟ್ಟು, ತಟ್ಟೆಗೆ ತೆಳ್ಳಗೆ ಹುಯ್ದು ಬೇಯಿಸುತ್ತಾರೆ. ಮೇಲೆ ಹೊಂಬಣ್ಣದ ಗರಿ, ಒಳಗೆ ಮೆತ್ತಗೆ, ಅಂಚು ಸ್ವಲ್ಪ ಸೀದಿರುತ್ತದೆ. ಮೇಲಷ್ಟು ಕರಿಮೆಣಸಿನ ಪುಡಿ. ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟರು. ಬೆರಳು ಸುಡುತ್ತಿತ್ತು, ಆದರೂ ಕೆಳಗಿಡಲು ಮನಸ್ಸಿಲ್ಲ. ಮೊಟ್ಟೆ ಇಲ್ಲ, ಹಾಲಿಲ್ಲ, ಸ್ಟಾಕ್ ಇಲ್ಲ. ಯಾರನ್ನೂ ಏನೂ ಕೇಳಬೇಕಾಗಿಲ್ಲ. ಐದು ದಿನದಲ್ಲಿ ಮೊದಲ ಸಲ ಅಮ್ಮ ನನ್ನ ಮುಖ ನೋಡದೆ ತಿಂದಳು. ಮತ್ತೊಂದು ತುಂಡು ತೆಗೆದುಕೊಂಡೆವು, ಆಮೇಲೆ ಇನ್ನೊಂದು. ಇಬ್ಬರಿಗೂ ಹೊಟ್ಟೆ ತುಂಬಿದರೂ ಖರ್ಚಾದದ್ದು ಕೆಲವೇ ಯೂರೋ. ಸ್ಟೇಕ್ ಹೌಸಿನ ಆಲೂಗಡ್ಡೆ ನೆನೆದು ಹೊಟ್ಟೆ ಉರಿಯಿತು.

ಒಂದೇ ಎಚ್ಚರಿಕೆ. ಫರಿನಾತದ ಮೇಲೆ ಕೆಲವೊಮ್ಮೆ ಸಣ್ಣ ಬಿಳಿ ಮೀನು ಹಾಕುತ್ತಾರೆ. ಅದು ಕಣ್ಣಿಗೆ ಕಾಣುತ್ತದೆ. ಈರುಳ್ಳಿಯದು ಅಥವಾ ಸಾದಾ ಕೇಳಿ. "ಸೆಂತ್ಸ ಕಾರ್ನೆ, ಸೆಂತ್ಸ ಪೆಶೆ" ಅಂದರೆ ಮಾಂಸ ಬೇಡ, ಮೀನು ಬೇಡ. ಇಟಲಿಯ ಬಂದರುಗಳಲ್ಲಿ ಈ ನಾಲ್ಕು ಪದ ಸಾಕು. ನೇಪಲ್ಸ್‌ನಲ್ಲಿ ಇಳಿದರೆ ಮರಿನಾರ ಪಿಜ್ಜಾ ಕೇಳಿ. ಹೆಸರು ಕೇಳಿ ಸಮುದ್ರದ್ದು ಅಂತ ಹೆದರಬೇಡಿ, ಅದರಲ್ಲಿರುವುದು ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ. ಚೀಸ್ ಕೂಡ ಇಲ್ಲ.

ರೋಮ್ ನೋಡುವವರು ಒಂದು ವಿಷಯ ಗಮನಿಸಿ. ಹಡಗು ನಿಲ್ಲುವುದು ಚಿವಿತವೆಕ್ಕಿಯಾದಲ್ಲಿ. ಅಲ್ಲಿಂದ ರೋಮ್‌ಗೆ ಸುಮಾರು 70 ಕಿಲೋಮೀಟರ್. ಮಧ್ಯಾಹ್ನದ ಊಟಕ್ಕೆ ಹಡಗಿಗೆ ಬರುವ ಮಾತೇ ಇಲ್ಲ. ಬೆಳಗ್ಗೆಯೇ ಚೀಲದಲ್ಲಿ ಏನಾದರೂ ಒಣ ತಿಂಡಿ ಇಟ್ಟುಕೊಳ್ಳಿ. ಬಫೆಯ ಹಣ್ಣು, ಸ್ಯಾಂಡ್‌ವಿಚ್ ಕಟ್ಟಿಕೊಂಡು ಇಳಿಯಬೇಡಿ. ಸಾಮಾನ್ಯವಾಗಿ ಬಿಡುವುದಿಲ್ಲ.

ಮನೆಯಿಂದ ಏನು ಒಯ್ಯಬಹುದು ಎಂದು ಜಾಸ್ತಿ ಜನ ಕೇಳುತ್ತಾರೆ. ಸೀಲ್ ಮಾಡಿದ ಒಣ ತಿಂಡಿ ಪ್ಯಾಕೆಟ್‌ಗಳಿಗೆ ನಮ್ಮ ಹಡಗಿನಲ್ಲಿ ಯಾರೂ ಏನೂ ಅನ್ನಲಿಲ್ಲ. ಆದರೆ ಯುರೋಪ್ ಒಕ್ಕೂಟದ ಹೊರಗಿನಿಂದ ಬರುವವರು ಹಾಲಿನ ಸಿಹಿ, ತುಪ್ಪ, ಪನೀರ್ ತರುವ ಹಾಗಿಲ್ಲ. ಮಾಂಸ, ಹಾಲಿನ ಪದಾರ್ಥ ಎರಡಕ್ಕೂ ಅಲ್ಲಿ ತಡೆ ಇದೆ. ಬಿಸಿ ನೀರು ಸುರಿದರೆ ಸಿದ್ಧವಾಗುವ ಪುಡಿಗಳು ಬಹಳ ಉಪಯೋಗ. ನೀರಿಗೆ ಬಫೆಯ ಟೀ ಯಂತ್ರ ಇದೆ, ಒಂದು ಫ್ಲಾಸ್ಕ್ ಇಟ್ಟುಕೊಂಡರೆ ಆಯಿತು.

ಕೆಟಲ್ ಮಾತ್ರ ಒಯ್ಯಬೇಡಿ. ಕಾಯಿಸುವ ಯಾವ ವಿದ್ಯುತ್ ಸಾಮಾನನ್ನೂ ಬೆಂಕಿಯ ಭಯಕ್ಕೆ ಒಳಗೆ ಬಿಡುವುದಿಲ್ಲ. ನಾನು ಹೇಳಿದ್ದೆ. ಅಮ್ಮ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದಳು. ಸ್ಕ್ಯಾನರ್‌ನಲ್ಲಿ ಸಿಕ್ಕಿಬಿತ್ತು. ಕೊನೆಯ ಬೆಳಗ್ಗೆ ಎಲ್ಲರೂ ತಿಂಡಿ ತಿನ್ನುವಾಗ ನಾವಿಬ್ಬರೂ ಜಪ್ತಿ ಮಾಡಿದ ಸಾಮಾನು ವಾಪಸ್ ಕೊಡುವ ಸಾಲಿನಲ್ಲಿ ನಿಂತಿದ್ದೆವು. ನಮ್ಮ ಮುಂದೆ ಹನ್ನೊಂದು ಜನ. ಅವರಲ್ಲಿ ಏಳು ಜನರ ಚೀಟಿಯಲ್ಲಿ ಇದ್ದದ್ದು ಕೆಟಲ್ಲೇ. ನೋಡಿದೆಯಾ ಎನ್ನುವ ಹಾಗೆ ಅಮ್ಮ ನನ್ನ ಕಡೆ ತಿರುಗಿದಳು.